ವರಸೆಗಳ ವಿಂಗಡಣೆ

ವಿಂಗಡಿಸಿ ತೋರಿಸುವುದು ಉಪಾಧ್ಯಾಯರಾದ ನಮ್ಮ ನಿತ್ಯದ ಕೆಲಸ. ಎಲೆಗಳನ್ನು ಆಕಾರದಿಂದ, ಪ್ರಾಣಿಗಳನ್ನು ಆಹಾರದಿಂದ, ಅಕ್ಷರಗಳನ್ನು ಉಚ್ಚಾರದ ಸ್ಥಾನದಿಂದ ಬೇರ್ಪಡಿಸುವುದನ್ನು ತರಬೇತಿ ಶಾಲೆಯಲ್ಲಿ ಕಲಿತೆವು. ಅದನ್ನೇ ಮಕ್ಕಳಿಗೆ ಕಲಿಸುತ್ತಿದ್ದೇವೆ. ಆದರೆ ಚೀನೀಯರ ಕುಂಗ್‌ಫೂವಿನಲ್ಲಿ ಬಗೆಗಳೆಷ್ಟು ಎಂದು ಸೂಲೂರಿನ ಹುಡುಗನೊಬ್ಬನು ಕೇಳಿದಾಗ, ವಿಂಗಡಣೆಯೆಂಬುದು ಎಷ್ಟು ತೊಡಕಿನದೆಂಬುದು ನಮಗೆ ಮನವರಿಕೆಯಾಯಿತು.

ಚೀನದಲ್ಲಿ ಯಾಂಗ್‌ಟ್ಸೀ ನದಿಯನ್ನು ಎಲ್ಲೆಯಾಗಿರಿಸಿ ಉತ್ತರ, ದಕ್ಷಿಣ ಎಂದು ಭಾಗಿಸುವುದು ವಾಡಿಕೆ. ಉತ್ತರದವರಿಗೆ ಕಾಲು, ದಕ್ಷಿಣದವರಿಗೆ ಮುಷ್ಟಿ ಎಂಬ ನಾಣ್ನುಡಿಯೂ ಅವರಲ್ಲುಂಟು. ನಮ್ಮ ನೆರೆಯ ಕೇರಳದ ಕಳರಿಪಯಟ್ಟನ್ನು ಕೂಡ ಹೀಗೆಯೇ ಬಡಗು, ತೆಂಕು ಎಂದು ವಿಂಗಡಿಸುವರು.

ಇನ್ನೊಂದು ಕ್ರಮವು ಒಳ ಹೊರಗಿನದು. 1669ರಲ್ಲಿ ಹುವಾಂಗ್ ಝೊಂಗ್‌ಷೀ ಎಂಬ ಪಂಡಿತನು ವಾಂಗ್ ಝೆಂಗ್‌ನಾನ್ ಎಂಬ ಮಲ್ಲನ ಸಮಾಧಿಲೇಖವನ್ನು ಬರೆಯುತ್ತ, ಶಾವೊಲಿನ್ ಮಠದ ವಿದ್ಯೆಯನ್ನು ಹೊರಗಿನದೆಂದೂ ತನ್ನ ನಾಯಕನದನ್ನು ಒಳಗಿನದೆಂದೂ ಕರೆದನು. ಈಗ ತೈಜಿಯನ್ನು ಒಳಗಿನದೆಂದು ಎಣಿಸುವರು. ಆದರೆ ತೈಜಿಯ ಹಳೆಯ ನೆಲೆಯಾದ ಚೆನ್ ಮನೆತನದ ಹಳ್ಳಿಯೂ ಶಾವೊಲಿನ್ ಮಠವೂ ಇರುವುದು ಹೆನಾನ್ ಎಂಬ ಒಂದೇ ಪ್ರಾಂತದಲ್ಲಿ. ಚೆನ್ ತೈಜಿಯಲ್ಲಿ ನೆಲ ಅದುರುವಂತೆ ಕಾಲನ್ನಪ್ಪಳಿಸುವ ಪಟ್ಟುಗಳೂ ಇವೆ. ಗ್ವಾಂಗ್‌ಡಾಂಗಿನವರಾದರೋ ಹುಂಗ್, ಲಾವ್, ಚೋಯ್, ಲೀ, ಮೋಕ್ ಎಂದು ಮನೆತನಗಳಿಂದಲೇ ಎಣಿಸುವರು.

1928ರಲ್ಲಿ ನಾನ್‌ಜಿಂಗ್‌ನಲ್ಲಿ ಸ್ಥಾಪಿತವಾದ ಕೇಂದ್ರ ವಿದ್ಯಾಲಯವು ಶಾವೊಲಿನ್, ವುಡಾಂಗ್ ಎಂದು ಎರಡು ಶಾಖೆಗಳನ್ನು ಮಾಡಿತು. ಶಾಖೆಗಳೊಳಗೆ ಜಗಳ ಹುಟ್ಟಿ, ಆ ವಿಭಾಗವನ್ನು ಬೇಗನೆ ಕೈಬಿಡಬೇಕಾಯಿತು. ಮುಂದೆ 1983ರಿಂದ 1986ರವರೆಗೆ ನಡೆದ ಸರ್ಕಾರಿ ಸಮೀಕ್ಷೆಯು 129 ಬಗೆಗಳನ್ನು ಅಂಗೀಕರಿಸಿತು. ಗುರುಪರಂಪರೆ ತಿಳಿದಿರಬೇಕು, ತತ್ತ್ವ ಸ್ಪಷ್ಟವಿರಬೇಕು, ಶೈಲಿ ವಿಶಿಷ್ಟವಾಗಿರಬೇಕು, ತನ್ನದೇ ಪದ್ಧತಿಯಿರಬೇಕು ಎಂಬ ನಾಲ್ಕು ನಿಯಮಗಳಿಂದ ಬಂದ ಸಂಖ್ಯೆಯದು. ನಿಯಮ ಬೇರೆಯಾಗಿದ್ದರೆ ಸಂಖ್ಯೆಯೂ ಬೇರೆಯಾಗುತ್ತಿತ್ತು.

ತಮಿಳರ ಸಿಲಂಬದಂತಹ ಕೋಲುವಿದ್ಯೆಯನ್ನು ಕನ್ನಡಿಗರು ದೊಣ್ಣೆವರಸೆ ಎನ್ನುವರು. ತಮಿಳರಲ್ಲಿ ಬರಿಗೈಯ ವಿದ್ಯೆಗೆ ಕುತ್ತುವರಿಸೈ ಎಂದು ಹೆಸರು. ವರಸೆಯೆಂದರೆ ಸಾಲು, ಕ್ರಮ. ಕಾಳಗದ ಪಟ್ಟೂ ಹೌದು, ನಂಟಿನ ಸಂಬಂಧವೂ ಹೌದು. ಕನ್ನಡ ತಮಿಳುಗಳೆರಡೂ ಹಂಚಿಕೊಂಡ ಈ ಪದವನ್ನು ಯಾರ ಪಾಲಿಗೆ ಬರೆಯೋಣ?

ಈ ಪ್ರಶ್ನೆ ನಮ್ಮ ಮಕ್ಕಳದೂ ಆಗಿದೆ. ಈ ಸೀಮೆಯ ನೇಕಾರ ದೇವಾಂಗರಲ್ಲಿ ಅನೇಕರ ಮನೆಮಾತು ಕನ್ನಡ; ಬೀದಿಯ ಮಾತು, ಪಾಠದ ಮಾತು ತಮಿಳು. ದಾಖಲೆಯ ಪುಸ್ತಕದಲ್ಲಿ ಮಾತೃಭಾಷೆಗೆ ಇರುವುದು ಒಂದೇ ಅಂಕಣ. ಏತಕ್ಕೆ ತೊಡಕೆಂದು ತಮಿಳೆಂದೇ ಬರೆಯಿಸುವ ತಂದೆತಾಯಿಗಳನ್ನು ನಾವು ಬಲ್ಲೆವು. ಅವರು ಸುಳ್ಳು ಹೇಳುವವರಲ್ಲ. ಎರಡು ಭಾಷೆಗಳೂ ಅವರವೇ. ಆದರೆ ಬರೆಯದೆ ಬಿಟ್ಟ ನುಡಿ ಲೆಕ್ಕಕ್ಕೆ ಬಾರದು. ಲೆಕ್ಕಕ್ಕೆ ಬಾರದ ನುಡಿಗೆ ಪುಸ್ತಕವೂ ಇಲ್ಲ, ಉಪಾಧ್ಯಾಯನೂ ಇಲ್ಲ.

ಆದುದರಿಂದ ವರ್ಗೀಕರಣವನ್ನು ಕಲಿಸುವಾಗ ಎರಡು ಮಾತುಗಳನ್ನು ಸೇರಿಸಿ ಹೇಳುವುದು ಒಳಿತು: ಈ ವಿಂಗಡಣೆ ಯಾವ ನಿಯಮದಿಂದ ಆಯಿತು? ಇದರಲ್ಲಿ ಸೇರದೆ ಉಳಿದದ್ದು ಯಾವುದು? ಆ ಹುಡುಗನಿಗೆ 129 ಎಂಬ ಸಂಖ್ಯೆಯನ್ನು ಹೇಳಿ, ಅದರೊಡನೆ ಆ ನಾಲ್ಕು ನಿಯಮಗಳನ್ನೂ ಹಲಗೆಯ ಮೇಲೆ ಬರೆದೆವು.