ಸೋಲನ್ನು ಒಪ್ಪುವ ವಿದ್ಯೆ

ಫಲಿತಾಂಶದ ದಿನ ಅನುತ್ತೀರ್ಣರಾದವರ ಮುಖಗಳನ್ನು ಮೂರು ದಶಕ ಕಂಡವನು ನಾನು. ಆದ್ದರಿಂದಲೇ ಏನೋ, ಲೈಬೀರಿಯಾದ ಫುಟ್‌ಬಾಲ್ ಆಟಗಾರ ಜಾರ್ಜ್ ವಿಯಾ ಅವರ ಗೆಲುವಿಗಿಂತ ಸೋಲುಗಳೇ ನನ್ನನ್ನು ಹೆಚ್ಚು ಸೆಳೆದಿವೆ.

ಮನ್ರೋವಿಯಾದ ಕೊಳೆಗೇರಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಅವರನ್ನು 1988ರಲ್ಲಿ ತರಬೇತುದಾರ ಆರ್ಸೆನ್ ವೆಂಗರ್ ಮೊನಾಕೊ ತಂಡಕ್ಕೆ ಕರೆತಂದರು. ಮುಂದೆ ಪ್ಯಾರಿಸ್, ಬಳಿಕ ಮಿಲಾನ್. ಯುರೋಪಿನ ಪ್ರಜೆಗಳಿಗಷ್ಟೇ ಮೀಸಲಾಗಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿ 1995ರಲ್ಲಿ ಇತರರಿಗೂ ತೆರೆಯಿತು. ಆ ವರ್ಷವೇ ಅದು ವಿಯಾ ಅವರಿಗೆ ಸಂದಿತು. ಅದನ್ನು ಪಡೆದ ಆಫ್ರಿಕಾ ದೇಶದ ಆಟಗಾರ ಇಂದಿಗೂ ಅವರೊಬ್ಬರೇ.

2005ರ ಅಧ್ಯಕ್ಷ ಚುನಾವಣೆಯಲ್ಲಿ ಅವರು ಹಾರ್ವರ್ಡ್‌ನಲ್ಲಿ ಓದಿದ್ದ ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತರು. ಓದಿಲ್ಲದವರೆಂಬ ಮೂದಲಿಕೆಗೂ ಗುರಿಯಾದರು. ಅಕ್ರಮ ನಡೆದಿದೆಯೆಂದು ಆಗ ದೂರಿದ್ದೂ ಉಂಟು. ಆದರೆ ನಲವತ್ತು ದಾಟಿದ ಮೇಲೆ ಅಮೆರಿಕದಲ್ಲಿ ಓದಿ ಪದವಿ ಪಡೆದರು. 2018ರಲ್ಲಿ ಅಧ್ಯಕ್ಷರಾದರು. ಭ್ರಷ್ಟಾಚಾರದ ಆರೋಪ ಅವರ ಆಡಳಿತವನ್ನೂ ಬಿಡಲಿಲ್ಲ. 2023ರಲ್ಲಿ ಜೋಸೆಫ್ ಬೊಕಾಯ್ ಎದುರು ಅಲ್ಪ ಅಂತರದಲ್ಲಿ ಸೋತಾಗ, ಅಧಿಕೃತ ಘೋಷಣೆಗೂ ಮುನ್ನವೇ ಸೋಲೊಪ್ಪಿ ಎದುರಾಳಿಯನ್ನು ಅಭಿನಂದಿಸಿದರು.

ಎರಡು ಅಂತರ್ಯುದ್ಧಗಳಲ್ಲಿ ಬೆಂದ ನಾಡದು. ಅಲ್ಲಿ ಅಧಿಕಾರ ಶಾಂತವಾಗಿ ಕೈಬದಲಾಯಿತು. ಯಾವ ವಿಶ್ವವಿದ್ಯಾಲಯದ ಪದವಿಗಿಂತಲೂ ದೊಡ್ಡ ತೇರ್ಗಡೆ ಅದೆಂದು ಈ ಮೇಷ್ಟರ ಎಣಿಕೆ.