“ರಕ್ತದಲ್ಲೇ ಇದೆ” ಅನ್ನೋರಿಗೆ



ಅಕ್ಕ ಹೇಗಿದ್ದಾಳೆ ಅಂತ ಇನ್‌ಬಾಕ್ಸಲ್ಲಿ ತುಂಬಾ ಜನ ಕೇಳ್ತಿದ್ದೀರಿ. ಒಬ್ಬೊಬ್ಬರಿಗೂ ಉತ್ತರಿಸೋಕೆ ಆಗ್ತಿಲ್ಲ, ಇಲ್ಲೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಅಕ್ಕನಿಗೆ ಬಂದಿರೋದು ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಕೂತಿರೋ ಪುಟ್ಟ ಗ್ರಂಥಿ ಅದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರೋ ಕಾಯಿಲೆ. ಎಷ್ಟೋ ಜನರಲ್ಲಿ ಈ ಗಡ್ಡೆ ಹಾರ್ಮೋನನ್ನು ಮಿತಿಮೀರಿ ಸುರಿಯುತ್ತೆ. ಮುಖ ಊದುತ್ತೆ, ಬಿಪಿ, ಶುಗರ್ ಏರುತ್ತೆ, ಹೆಂಗಸರಿಗೆ ಮೀಸೆ ಮೂಡುತ್ತೆ. ಅಕ್ಕನಿಗೆ ಇಷ್ಟೂ ಆಯ್ತು. ಒಂದೂವರೆ ವರ್ಷ ಬಿಪಿ ಮಾತ್ರೆ ಕೊಟ್ಟು ಕಳಿಸಿದರು, ಮುಖ ಎತ್ತಿ ನೋಡಿದವರಿಲ್ಲ. ಮೀಸೆ ಕಂಡು ನಕ್ಕವರಿದ್ದಾರೆ. ಅಕ್ಕ ಸೆರಗು ಮುಚ್ಚಿಕೊಂಡೇ ಕೂಲಿಗೆ ಹೋದಳು. ಕೊನೆಗೆ ಸ್ಕ್ಯಾನಿನಲ್ಲಿ ಸಿಕ್ಕ ಗಡ್ಡೆ 11 ಸೆಂಟಿಮೀಟರ್.

“ನಿಮ್ಮವರು ತಿನ್ನೋದೇ ಹಾಗಲ್ವಾ” ಅಂದರು ಆಫೀಸಿನಲ್ಲೊಬ್ಬರು. ಊಟದಿಂದ ಬಂತು ಅಂತ ಯಾವ ಡಾಕ್ಟರೂ ನಮಗೆ ಹೇಳಲಿಲ್ಲ. ಇವರಿಗೆ ಮಾತ್ರ ಹೇಗೋ ಗೊತ್ತಿತ್ತು!

ಡಾಕ್ಟರು ಜೀನ್ ಪರೀಕ್ಷೆ ಮಾಡಿಸಿ ಅಂದಾಗ ನಮ್ಮ ನೆಂಟರೇ ಶುರು ಮಾಡಿದರು: ವಂಶದಲ್ಲೇ ಇದೆಯಂತೆ, ಹೆಣ್ಣುಮಕ್ಕಳನ್ನ ಯಾರು ಮದುವೆಯಾಗ್ತಾರೆ? ಅದಕ್ಕೇ ಇದನ್ನ ಬಿಡಿಸಿ ಹೇಳಬೇಕು. ದೊಡ್ಡವರ ಅಡ್ರಿನಲ್ ಕ್ಯಾನ್ಸರಿನಲ್ಲಿ ಕಾಣೋ ಜೀನ್ ಬದಲಾವಣೆಗಳು, ಅಂದರೆ ಟಿಪಿ53, ಸಿಟಿಎನ್‌ಎನ್‌ಬಿ1 ಇಂಥವು, ಬಹುಪಾಲು ಆ ಗಡ್ಡೆಯೊಳಗೇ ಹುಟ್ಟಿದವು. ಅಪ್ಪ ಅಮ್ಮನಿಂದ ಬಂದವಲ್ಲ, ಮಕ್ಕಳಿಗೆ ಹೋಗೋವೂ ಅಲ್ಲ. ಅಕ್ಕನ ಗಡ್ಡೆಯಲ್ಲಿ ಟಿಪಿ53 ಕೆಟ್ಟಿತ್ತು, ರಕ್ತದಲ್ಲಿ ಸರಿಯಾಗಿತ್ತು. ಅರ್ಧ ತಿಂಗಳ ಸಂಬಳ ಕೊಟ್ಟು ತಿಳಿದುಕೊಂಡ ವಿಷಯ ಇದು.

ಹುಟ್ಟಿನಿಂದ ಬರೋದೂ ಇದೆ, ಅದರಲ್ಲೂ ಮಕ್ಕಳ ಕ್ಯಾನ್ಸರಿನಲ್ಲಿ. ದಕ್ಷಿಣ ಬ್ರೆಜಿಲ್‌ನಲ್ಲಿ ಈ ಕ್ಯಾನ್ಸರ್ ಮಕ್ಕಳಲ್ಲಿ ಬೇರೆ ಕಡೆಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಟಿಪಿ53ರ ಒಂದು ಬದಲಾವಣೆ ಕಾರಣ ಅಂತ 2001ರ ಹೊತ್ತಿಗೆ ಗೊತ್ತಾಯ್ತು, ಅದು ಒಬ್ಬ ಪೂರ್ವಜರಿಂದ ಹರಡಿದ್ದು ಅಂತ ಆಮೇಲೆ ತಿಳಿಯಿತು. ಅಲ್ಲಿನ ಪರಾನಾ ರಾಜ್ಯದಲ್ಲಿ 1,71,649 ಹಸುಗೂಸುಗಳನ್ನ ಪರೀಕ್ಷಿಸಿದರು. 461 ಮಕ್ಕಳಲ್ಲಿ ಆ ಬದಲಾವಣೆ ಇತ್ತು. ನಿಗಾದಲ್ಲಿದ್ದ ಮಕ್ಕಳಿಗೆ ಗಡ್ಡೆ ಬಂದರೂ ಚಿಕ್ಕದಿರುವಾಗಲೇ ಸಿಕ್ಕಿತು, ಆಪರೇಷನ್ ಮಾಡಿ ತೆಗೆದರು. ಅಂದರೆ “ರಕ್ತದಲ್ಲೇ ಇದೆ” ಅನ್ನೋ ಮಾತನ್ನ ಅವರು ಮಕ್ಕಳನ್ನ ಉಳಿಸೋಕೆ ಬಳಸಿದರು. ನಮ್ಮಲ್ಲಿ ಅದೇ ಮಾತನ್ನ ಯಾತಕ್ಕೆ ಬಳಸ್ತಾ ಬಂದಿದ್ದಾರೆ ಅಂತ ನಿಮಗೆ ಹೇಳಬೇಕಿಲ್ಲ. ಜಾತಿ ರಕ್ತಶುದ್ಧಿ ಕಾಪಾಡುತ್ತೆ ಅನ್ನೋ ವಾದವನ್ನ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲೇ ಚಿಂದಿ ಮಾಡಿದ್ದರು.

ಗಡ್ಡೆಯಲ್ಲಿ ಟಿಪಿ53 ಕೆಟ್ಟಿದ್ದರೆ ಕಾಯಿಲೆ ಜೋರು ಅಂತ ಡಾಕ್ಟರು ಮುಚ್ಚಿಡದೆ ಹೇಳಿದರು. ಆದರೆ ಎಷ್ಟು ಬೇಗ ಸಿಕ್ಕಿತು ಅನ್ನೋದರ ಲೆಕ್ಕ ನೋಡಿ. ಜರ್ಮನಿಯ ರೋಗಿಗಳ ದಾಖಲೆಯಿಂದ 2009ರಲ್ಲಿ ಬಂದ ಅಂಕಿ: ಐದು ವರ್ಷ ದಾಟಿದವರು ಮೊದಲ ಹಂತದಲ್ಲಿ ನೂರಕ್ಕೆ 82, ಎರಡರಲ್ಲಿ 61, ಮೂರರಲ್ಲಿ 50, ನಾಲ್ಕರಲ್ಲಿ 13. ಐದು ಸೆಂಟಿಮೀಟರಿನೊಳಗೆ ಸಿಕ್ಕಿ, ಬೇರೆಲ್ಲೂ ಹರಡದಿದ್ದರೆ ಮೊದಲ ಹಂತ. ಅಕ್ಕ ಎರಡನೇದರಲ್ಲಿ ಸಿಕ್ಕಿದಳು. ಆ ಒಂದೂವರೆ ವರ್ಷದ ಬಿಪಿ ಮಾತ್ರೆಯ ಬೆಲೆ ನನಗೆ ಈ ಅಂಕಿಗಳಲ್ಲಿ ಕಾಣುತ್ತೆ.

ಆಪರೇಷನ್ ಆಗಿದೆ, ಗಡ್ಡೆ ಪೂರ್ತಿ ಬಂದಿದೆ. ಈಗ ಮೈಟೋಟೇನ್ ಮಾತ್ರೆ. ವಾಕರಿಕೆ, ಸುಸ್ತು, ಸಿಟ್ಟು. ನನ್ನನ್ನ ಬೈಯೋಷ್ಟು ಶಕ್ತಿ ಬಂದಿದೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್, ಮುಂದಿನದು ಮಂಗಳವಾರ.

ನಿಮ್ಮ ಕೇರಿಗಳಲ್ಲಿ ಹೆಂಗಸರಿಗೆ ಬಿಪಿ ಜೊತೆಗೆ ಮುಖ ಊದಿ, ದಿಢೀರ್ ಮೀಸೆ ಮೂಡಿದ್ದರೆ ಕಾರ್ಟಿಸಾಲ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಬಾಯಿಬಿಟ್ಟು ಕೇಳಿ. ಜಿಲ್ಲಾಸ್ಪತ್ರೆಗೆ ಜೊತೆಗೆ ಬರೋರು ಬೇಕಿದ್ದರೆ ಮೆಸೇಜ್ ಮಾಡಿ, ಭಾನುವಾರ ಬಿಟ್ಟು ಯಾವತ್ತಾದರೂ ರಜೆ ಹಾಕ್ತೀನಿ.