ಚಾರ್ಮಾಡಿಯಲ್ಲಿ ಹೋದ ಹೆಡ್ ಗ್ಯಾಸ್ಕೆಟ್

2001ರಲ್ಲಿ, ಕಾಫಿ ಕುಯ್ಲು ಮುಗಿದ ಹೊತ್ತಿಗೆ, ಸಣ್ಣಗೌಡ್ರು ಮೂಡಿಗೆರೆಯ ನನ್ನ ಗ್ಯಾರೇಜಿಗೆ ಒಂದು ಮಾರುತಿ 800 ತಂದು ನಿಲ್ಲಿಸಿದರು. ಹಳೆಯ ಕಾರ್ಬೊರೇಟರ್ ಮಾದರಿ, ನಾಲ್ಕೇ ಗೇರು. ತೋಟದ ಮಣ್ಣು ರಸ್ತೆಗಳಲ್ಲಿ ನಡೆಯುವ ರ್‍ಯಾಲಿಗೆ ಅದನ್ನು ಇಳಿಸುವ ಆಸೆ ಅವರದು. ಬೇರೆ ಇಂಜಿನ್ ಕೂರಿಸುವ ಹಾಗಿಲ್ಲ, ಇದ್ದದ್ದಕ್ಕೇ ದಮ್ಮು ಬರಿಸಬೇಕು.

‘ಏರಿನಲ್ಲಿ ಎರಡನೇ ಗೇರಿಗೆ ಅಳೋದು ನಿಲ್ಲಬೇಕು ಮಾರಾಯ, ಅಷ್ಟೇ’ ಅಂದರು.

ಆ ಇಂಜಿನ್ 796 ಸಿಸಿ, ಮೂರು ಸಿಲಿಂಡರ್, ಕೊಡುವುದು 37 ಅಶ್ವಶಕ್ತಿ. ಪೇಟೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಕಡಿಮೆ ಪೆಟ್ರೋಲ್ ಕುಡಿದು ಓಡಲಿ ಎಂದು ಮಾಡಿದ್ದು. ಅದರಿಂದ ಹೆಚ್ಚು ಹಿಂಡಬೇಕಾದರೆ ಗಾಳಿ ಸಲೀಸಾಗಿ ಒಳಗೆ ಬರಬೇಕು, ಬಂದದ್ದು ಇನ್ನಷ್ಟು ಬಿಗಿಯಾಗಿ ಒತ್ತಬೇಕು, ಉರಿದ ಹೊಗೆ ಬೇಗ ಹೊರಗೆ ಹೋಗಬೇಕು.

ಮೊದಲು ಹೆಡ್ ಇಳಿಸಿದೆ. ಗಾಳಿ ಬರುವ ದಾರಿಯ ಒಳಗೋಡೆ ಎರಕದ ಒರಟಿನಿಂದ ತರಿತರಿಯಾಗಿತ್ತು. ಮ್ಯಾನಿಫೋಲ್ಡಿನ ಬಾಯಿಗೂ ಹೆಡ್ಡಿನ ಬಾಯಿಗೂ ಮಧ್ಯೆ ಒಂದು ಸಣ್ಣ ಮೆಟ್ಟಿಲಿತ್ತು. ಆ ಎರಡರ ನಡುವಿನ ಗ್ಯಾಸ್ಕೆಟ್ ಇಟ್ಟು ಗುರುತು ಹಾಕಿ, ಕೈ ಗ್ರೈಂಡರಿನಿಂದ ಆ ಮೆಟ್ಟಿಲು ತೆಗೆದು, ಎಮೆರಿ ಸುತ್ತಿ ಉಜ್ಜಿದೆ. ಸೊಂಟ ಹಿಡಿದುಹೋಗುವ ಕೆಲಸ, ಮೂಗಿನ ತುಂಬ ಅಲ್ಯೂಮಿನಿಯಂ ಪುಡಿ. ಆದರೆ ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಪ್ರಾಮಾಣಿಕ ಲಾಭ ಇದೊಂದೇ. ಸೈಲೆನ್ಸರಿಗೆ ದಪ್ಪ ಪೈಪ್ ಹಾಕಿದರೆ ಶಕ್ತಿಗಿಂತ ಸದ್ದೇ ಹೆಚ್ಚು ಬರುತ್ತದೆ, ಹುಡುಗರು ಸದ್ದನ್ನೇ ಶಕ್ತಿ ಅಂದುಕೊಳ್ಳುತ್ತಾರೆ.

ಆಮೇಲೆ ಫೇಸಿಂಗ್. ಹೆಡ್ಡಿನ ತಳವನ್ನು ಸುಮಾರು ಒಂದು ಮಿಲಿಮೀಟರ್ ತೆಗೆಸಿದೆ. ಎಷ್ಟು ತೆಗೆಯಬೇಕೆಂದು ಕಣ್ಣಳತೆಯಲ್ಲಿ ಹೇಳಲಾಗದು. ಹೆಡ್ ಬೋರಲು ಹಾಕಿ, ಉರಿಯುವ ಕೋಣೆಯ ಮೇಲೆ ತೂತಿರುವ ಗಾಜು ಅಂಟಿಸಿ, ಇಂಜೆಕ್ಷನ್ ಸಿರಿಂಜಿನಿಂದ ಸೀಮೆಎಣ್ಣೆ ಬಿಟ್ಟು ಸಿಸಿ ಅಳೆಯಬೇಕು. ಮೂರೂ ಕೋಣೆ ಸಮ ಬರುವವರೆಗೆ ಬಿಡುವ ಹಾಗಿಲ್ಲ. ಕಂಪ್ರೆಷನ್ 8.7ರಿಂದ 9.5ರ ಆಸುಪಾಸಿಗೆ ಏರಿತು. ಹೆಡ್ ತಗ್ಗಿದ್ದರಿಂದ ಟೈಮಿಂಗ್ ಬೆಲ್ಟ್ ಸಡಿಲವಾಗಿ ಕ್ಯಾಮ್ ತುಸು ಹಿಂದೆ ಬಿತ್ತು, ಅದನ್ನೂ ಸರಿಮಾಡಿದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕಲ್ಲ, ಮೈನ್ ಜೆಟ್ ಬದಲಿಸಿ ಓಡಿಸಿ ನೋಡುತ್ತಿದ್ದೆ. ಪ್ಲಗ್ ಬಿಚ್ಚಿದಾಗ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಮಸಿ ಹಿಡಿದಿದ್ದರೆ ಅತಿಯಾಗಿದೆ. ಹದವಾಗಿ ಹುರಿದ ಕಾಫಿಯ ತಿಳಿ ಕಂದು ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ.

ಊರಿನ ಏರುಗಳಲ್ಲಿ ಗಾಡಿ ಚೆನ್ನಾಗಿಯೇ ಎಳೆಯಿತು. ಗೌಡ್ರು ಖುಷಿಯಾಗಿ, ‘ನಡಿ, ಚಾರ್ಮಾಡಿ ಘಾಟಿಯಲ್ಲಿ ಉಜಿರೆಗೆ ಇಳಿದು ಹತ್ತಿಸಿ ನೋಡೋಣ’ ಅಂದರು.

ಮೂಡಿಗೆರೆ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಒತ್ತಡವೂ ಅಷ್ಟೇ ಕಡಿಮೆ. ಘಟ್ಟದ ಕೆಳಗೆ ಗಾಳಿ ದಟ್ಟ, ಅದರ ಮೇಲೆ ಸೆಖೆ ಬೇರೆ. ಜೊತೆಗೆ ಆ ಕಾಲದ ಬಂಕ್ ಪೆಟ್ರೋಲ್ 87–88 ಆಕ್ಟೇನ್, ಆಮೇಲೆ ಬಂದ 91 ಅಲ್ಲ. ಇಲ್ಲಿ ತೆಪ್ಪಗಿದ್ದ ಇಂಜಿನ್ ಅಲ್ಲಿ ಬಾಯಿ ಬಿಡುತ್ತದೆ ಎಂದು ಯಾವ ಮೇಸ್ತ್ರಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ಉಜಿರೆಯಿಂದ ವಾಪಸ್ ಬರುವಾಗ, ಚಾರ್ಮಾಡಿ ಊರು ದಾಟಿ ಏರು ಶುರುವಾದದ್ದೇ ಕಟಕಟ ಸದ್ದು ಬಂತು. ಕಿಡಿ ಹೊತ್ತಿಸುವ ಉರಿಯ ಜೊತೆಗೆ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ತಾನೇ ಸಿಡಿದು ಪಿಸ್ಟನ್ ತಲೆಗೆ ಹೊಡೆಯುವ ಸದ್ದು ಅದು. ಕತ್ತಲಾಗಿತ್ತು. ಟೆಂಪರೇಚರ್ ಮುಳ್ಳು ಏರುತ್ತಿತ್ತು. ಹಿಂದೆ ಲಾರಿಗಳಿದ್ದವು, ತಿರುವಿನಲ್ಲಿ ನಿಲ್ಲಿಸುವ ಹಾಗಿರಲಿಲ್ಲ.

ಅಗಲವಾದ ಜಾಗ ಸಿಕ್ಕಿ ನಿಲ್ಲಿಸುವಷ್ಟರಲ್ಲಿ ಗಾಡಿ ಎರಡೇ ಸಿಲಿಂಡರಿನಲ್ಲಿ ಕುಂಟುತ್ತಿತ್ತು. ರೇಡಿಯೇಟರ್ ಮುಚ್ಚಳ ಮುಟ್ಟಬಾರದೆಂದು ಗೊತ್ತಿತ್ತು, ಮುಟ್ಟಲಿಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ಬಗ್ಗಿದೆ. ಸುಟ್ಟ ಹೆಡ್ ಗ್ಯಾಸ್ಕೆಟ್ಟಿನ ಸಂದಿಯಿಂದ ಸಿಲಿಂಡರಿನ ಒತ್ತಡವೆಲ್ಲ ನೀರಿನ ದಾರಿಗೆ ನುಗ್ಗಿತ್ತು. ಮೇಲಿನ ಹೋಸ್ ಕಿತ್ತು ಬಂದು ನೀರು ನನ್ನ ಬಲಗೈ, ಕತ್ತು, ಎದೆಯ ಮೇಲೆ ಹಾರಿತು. ಒತ್ತಡದಲ್ಲಿದ್ದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಹೊರಗೆ ಬಿದ್ದ ಕೂಡಲೇ ಒಂದಷ್ಟು ಆವಿಯಾಗಿ ಹರಡುತ್ತದೆ. ಕೂಗಿದ್ದು ನನಗೆ ನೆನಪಿಲ್ಲ, ಗೌಡ್ರು ಹೇಳಿದ್ದು.

ಅವರು ತಣ್ಣೀರಿನ ಕ್ಯಾನ್ ಪೂರ್ತಿ ಸುರಿದರು. ಅದೊಂದು ಸರಿಯಾದ ಕೆಲಸ. ಮಂಗಳೂರಿನ ಕಡೆಯಿಂದ ಬಂದ ಲಾರಿ ಡ್ರೈವರ್ ಹತ್ತಿಸಿಕೊಂಡ. ಪುಣ್ಯಾತ್ಮ, ತನ್ನ ಟೂತ್‌ಪೇಸ್ಟ್ ಕೊಳವೆ ಹಿಂಡಿ ಹಿಂಡಿ ನನ್ನ ಕೈಗೆಲ್ಲ ಹಚ್ಚಿದ. ‘ಬೇಡ ಅಣ್ಣಾ’ ಅನ್ನಲು ಶಕ್ತಿ ಇರಲಿಲ್ಲ. ಕೊಟ್ಟಿಗೆಹಾರದವರೆಗಿನ ಪ್ರತಿ ತಿರುವಿನಲ್ಲೂ ಕ್ಯಾಬಿನ್ನಿನ ಬಾಗಿಲಿಗೆ ಕೈ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಆ ಒಣಗಿದ ಪೇಸ್ಟನ್ನು ತೊಳೆದು ತೆಗೆಯುವಾಗ ಆದ ನೋವು ಸುಟ್ಟಾಗಿನ ನೋವಿಗಿಂತ ಜಾಸ್ತಿ. ಡ್ರೆಸ್ಸಿಂಗ್ ಬಿಚ್ಚುವ ಬೆಳಗುಗಳೂ ಹಾಗೆಯೇ. ಬಟ್ಟೆ ಚರ್ಮಕ್ಕೆ ಅಂಟಿರುತ್ತಿತ್ತು. ಬಿಳಿ ಮುಲಾಮಿನ ವಾಸನೆಗೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಎಡಗೈಗೆ ಚಮಚ ಕೊಟ್ಟು ಎದುರು ಕೂರುತ್ತಿದ್ದಳು, ಬೈಯುತ್ತಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸ್ಪ್ಯಾನರ್ ಹಿಡಿಯುವಂತಾದ ಮೇಲೆ ಆ ಹೆಡ್ಡನ್ನು ನಾನೇ ಇಳಿಸಿದೆ, ಬೇರೆಯವರಿಗೆ ಬಿಡಲಿಲ್ಲ. ಸಿಲಿಂಡರಿಗೂ ನೀರಿನ ದಾರಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ಪಿಸ್ಟನ್ ತಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳಿ. ಬೇರೆ ಹೆಡ್ ಹುಡುಕಿ, ತಳ ಮಟ್ಟವಾಗುವಷ್ಟೇ ಫೇಸ್ ಮಾಡಿಸಿ, ಗಾಳಿಯ ದಾರಿ ಮಾತ್ರ ಮತ್ತೆ ಉಜ್ಜಿ ಕೂರಿಸಿದೆ. ಆ ಗಾಡಿ ಘಟ್ಟ ಹತ್ತಿತು, ಕಟಕಟ ಇಲ್ಲದೆ. ಎಷ್ಟು ಶಕ್ತಿ ಹೆಚ್ಚಿತು ಎಂದು ಕೇಳಿದರೆ ಹೇಳಲಾರೆ, ಅಳೆಯುವ ಯಂತ್ರ ನನ್ನಲ್ಲಿರಲಿಲ್ಲ. ಕಂಪನಿಯೇ ಅದೇ 796 ಸಿಸಿಯಿಂದ 45 ಅಶ್ವಶಕ್ತಿ ತೆಗೆಯಲು ಸಿಲಿಂಡರಿಗೆ ನಾಲ್ಕು ವಾಲ್ವ್, ಕಾರ್ಬೊರೇಟರ್ ಬದಲು ಎಂಪಿಎಫ್‌ಐ ಎಲ್ಲ ಹಾಕಬೇಕಾಯಿತು. ಗ್ರೈಂಡರ್ ಹಿಡಿದು ಅಷ್ಟು ತೆಗೆದೆ ಅನ್ನುವವರ ಮಾತು ನನಗೆ ದಕ್ಕುವುದಿಲ್ಲ.

ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಜನವರಿ ಚಳಿಯಲ್ಲಿ ಪ್ಲಗ್ ಬಿಚ್ಚಲು ಹುಡುಗನನ್ನು ಕರೆಯುತ್ತೇನೆ. ಆಸ್ಪತ್ರೆಯ ಖರ್ಚೆಲ್ಲ ಗೌಡ್ರೇ ಕೊಟ್ಟರು, ನಾನು ಕೇಳುವ ಮೊದಲೇ. ಫೇಸಿಂಗ್ ಮಾಡಿಸಿದ ದುಡ್ಡು ಮಾತ್ರ ಇನ್ನೂ ಬಾಕಿ. ಸಿಕ್ಕಾಗಲೆಲ್ಲ ನೆನಪಿಸುತ್ತೇನೆ, ‘ಅದು ಕೆಟ್ಟು ಹೋದ ಹೆಡ್ ಅಲ್ವೇನೋ’ ಅನ್ನುತ್ತಾರೆ.